ಮೊಳೆಗೆ ತೂಗಿದ ರೊಟ್ಟಿ

ರೊಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅಂಚಿನಲ್ಲಿ ಒಂದೇ ಬಾರಿ ಕಚ್ಚಿದ ಗುರುತು. ಆ ಗುರುತಿನ ನಡುವೆ, ಸ್ವಲ್ಪ ಎಡಕ್ಕೆ, ಹಿಟ್ಟಿನ ಒಂದು ಸಣ್ಣ ಏಣು ತುಂಡಾಗದೆ ಉಳಿದಿತ್ತು. ಅಲ್ಲಿ ಹಲ್ಲು ತಾಗಿರಲಿಲ್ಲ.

"ಟ್ರ್ಯಾಕ್ಟರಿನ ಹ್ಯಾಂಡಲ್ ತಿರುಗಿ ಹೊಡೆದು ಅವರ ಹಲ್ಲು ಮುರಿದಿತ್ತು. ಮೇಲಿನ ಸಾಲು, ಎಡಗಡೆ," ಎಂದಳು ಜುಮಾಗುಲ್. "ನಿಮಗೇ ಗೊತ್ತಲ್ಲ ಅಜ್ಜಾ?"

ಗೊತ್ತಿತ್ತು. ಅವಳ ಗಂಡ ಇಸ್ಕಂದರನ ಆ ಮುರುಕು ಹಲ್ಲಿನ ನಗು ಚಾರ್‌ತೂತ್ ಹಳ್ಳಿಯಲ್ಲಿ ಯಾರಿಗೆ ಗೊತ್ತಿರಲಿಲ್ಲ? ಆದರೆ ಇಸ್ಕಂದರ್ ಸತ್ತು ಐದು ವರ್ಷ ದಾಟಿತ್ತು. ಅವನನ್ನು ಹೂತಾಗ ಗೋರಿಗೆ ಇಳಿಸುವ ಹಗ್ಗದ ಒಂದು ತುದಿ ನನ್ನ ಕೈಯಲ್ಲೇ ಇತ್ತು.

"ಇದು ಯಾವಾಗ ಸಿಕ್ಕಿತು?"

"ಸೋಮವಾರ. ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ತರೋಕೆ ಹೋಗಿದ್ದೆ. ಬಂದು ನೋಡ್ತೀನಿ, ಮೊಳೇಲಿ ಹಳೇ ರೊಟ್ಟಿ ಇಲ್ಲ. ಅದರ ಜಾಗದಲ್ಲಿ ಇದು."

ನಮ್ಮ ಕಡೆ ದೂರ ಹೊರಡುವವನು ಹೊಸ್ತಿಲು ದಾಟುವ ಮುನ್ನ ರೊಟ್ಟಿಯನ್ನು ಒಂದು ಬಾರಿ ಕಚ್ಚುತ್ತಾನೆ. ಉಳಿದದ್ದನ್ನು ಮನೆಯಾಕೆ ಗೋಡೆಯ ಮೊಳೆಗೆ ತೂಗಿಬಿಡುತ್ತಾಳೆ. ಅವನು ತಿರುಗಿ ಬಂದು ತಾನೇ ಅದನ್ನು ತಿಂದು ಮುಗಿಸಬೇಕು. ನಮ್ಮ ನಮ್ಮೊಳಗಿನ ಯುದ್ಧದ ಮೊದಲ ಚಳಿಗಾಲದಲ್ಲಿ ಇಸ್ಕಂದರ್ ಲಾರಿ ಹತ್ತುವ ಮೊದಲು ಹಾಗೆ ಕಚ್ಚಿಟ್ಟು ಹೋಗಿದ್ದ. ಹೆಣ ಮನೆಗೆ ಬಂದ ದಿನವೇ ಆ ರೊಟ್ಟಿಯನ್ನು ಇಳಿಸಿ ಹಕ್ಕಿಗಳಿಗೆ ಪುಡಿ ಮಾಡಿ ಹಾಕಬೇಕಿತ್ತು. ಜುಮಾಗುಲ್ ಇಳಿಸಿರಲಿಲ್ಲ. ಹೆಂಗಸರು ಬೈದರೂ ಕೇಳಿರಲಿಲ್ಲ.

"ಯಾರೋ ಆಟ ಆಡಿರಬಹುದು ಮಗಳೇ. ಹತ್ತಿ ಗಿರಣಿಯ ತೋಶ್ಮತ್‌ನ ಸೋದರಳಿಯ ನಿನ್ನನ್ನು ಮದುವೆಗೆ ಕೇಳಿದ್ದನಲ್ಲ? ಮೈದುನನ ಜೊತೆ ನಿನ್ನ ನಾಳಿನ ಮದುವೆ ಕೆಡಲಿ ಅಂತ ಅವನೇ ಮಾಡಿರಬಹುದು. ಹಲ್ಲಿನ ಗುರುತು ಮಾಡೋದು ಏನು ದೊಡ್ಡ ಕೆಲಸ?"

"ಆಟ ಆಡೋರು ಹೊಸ ರೊಟ್ಟಿ ತಂದು ತೂಗಿಹಾಕ್ತಾರೆ ಅಜ್ಜಾ. ಹಳೇ ರೊಟ್ಟೀನ ತಿಂತಾರಾ?"

"ತಿಂದಿದ್ದು ನಿನಗೆ ಹೇಗೆ ಗೊತ್ತು?"

"ಬಟ್ಟಲು ಒದ್ದೆ ಇತ್ತು. ತಳದಲ್ಲಿ ನೆನೆದ ಚೂರು ಇತ್ತು. ಐದು ವರ್ಷದ ರೊಟ್ಟಿ, ಕಲ್ಲಾಗಿತ್ತು. ನೀರಲ್ಲಿ ನೆನೆಸ್ಕೊಂಡು ಕೂತು ತಿಂದಿದ್ದಾರೆ." ಅವಳು ತಲೆವಸ್ತ್ರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು. "ಮನೆಗೆ ಬಂದು, ಉಳಿದ ರೊಟ್ಟಿ ಮುಗಿಸಿ, ಹೊಸದಕ್ಕೆ ಬಾಯಿ ಹಾಕಿ ಮತ್ತೆ ಹೋಗಿಬಿಟ್ಟಿದ್ದಾರೆ. ಒಂದು ಗಳಿಗೆ ಕಾಯಬಾರದಿತ್ತಾ?"

ನಾನು ರೊಟ್ಟಿಯನ್ನು ಮಗುಚಿದೆ. ತಂದೂರಿನ ಗೋಡೆಗೆ ಬಡಿದು ಸುಟ್ಟ ರೊಟ್ಟಿಯ ಬೆನ್ನು ನಯವಾಗಿರುತ್ತದೆ. ಇದರ ಬೆನ್ನ ತುಂಬ ಸಣ್ಣ ಸಣ್ಣ ಗುಳಿ. ಒಂದು ಗುಳಿಯಲ್ಲಿ ಮರಳಿನ ಕಾಳು ಇನ್ನೂ ಅಂಟಿಕೊಂಡಿತ್ತು. ಬೆಂಕಿಯಲ್ಲಿ ಕಾಯಿಸಿದ ಹೊಳೆಗಲ್ಲುಗಳ ಮೇಲೆ ಸುಟ್ಟ ರೊಟ್ಟಿ. ಮನೆ ಇಲ್ಲದವನು ಸುಡುವ ರೊಟ್ಟಿ.

ಈ ಮಾತನ್ನು ಅವಳಿಗೆ ಹೇಳಲಿಲ್ಲ.

"ನಾಳೆ ಶುಕ್ರವಾರ. ನಮಾಜು ಮುಗಿದ ಕೂಡಲೇ ನಿಕಾಹ್," ಎಂದಳು ಅವಳು. "ಮುಲ್ಲಾ ಸಾಹೇಬರು ಮೂರು ಸಲ ಕೇಳ್ತಾರೆ. ನಾನು ಹೂಂ ಅನ್ನಬೇಕು. ಗಂಡ ಬದುಕಿರುವಾಗ ಇನ್ನೊಬ್ಬನಿಗೆ ಹೂಂ ಅಂದ ಹೆಂಗಸು ದೇವರ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ? ಇಲ್ಲ ಅನ್ನಬೇಕಾದರೆ ಒಂದು ಆಧಾರ ಬೇಕು. ರೊಟ್ಟಿ ತೋರಿಸಿದ್ರೆ ನಗ್ತಾರೆ." ಅವಳು ಮೊದಲ ಸಲ ನನ್ನ ಕಣ್ಣನ್ನು ನೇರವಾಗಿ ನೋಡಿದಳು. "ನೀವು ಊರಲ್ಲಿ ಸತ್ತೋರನ್ನೆಲ್ಲ ತೊಳೆದೋರು. ಅವರನ್ನೂ ತೊಳೆದ್ರಾ?"

ಐದು ವರ್ಷದಲ್ಲಿ ಯಾರೂ ನನ್ನನ್ನು ಕೇಳದ ಪ್ರಶ್ನೆ ಅದು.

"ಇಲ್ಲ," ಎಂದೆ.

ನನ್ನ ತಂದೆ, ಅವರ ತಂದೆ, ಎಲ್ಲರೂ ಹೆಣ ತೊಳೆದವರೇ. ಕೆಲಸವಿದ್ದಾಗ ಜನ ನಮ್ಮನ್ನು ಓಡಿ ಬಂದು ಕರೆಯುತ್ತಾರೆ. ಕೆಲಸ ಮುಗಿದ ಮೇಲೆ ನಮ್ಮ ಬಟ್ಟಲಲ್ಲಿ ಚಹಾ ಕುಡಿಯುವುದಿಲ್ಲ. ಇದಕ್ಕೆ ನನಗೆ ಬೇಸರವಿಲ್ಲ. ದೇವರು ಒಬ್ಬೊಬ್ಬರ ಕೈಗೆ ಒಂದೊಂದು ಕೆಲಸ ಕೊಟ್ಟಿದ್ದಾನೆ. ಆ ಚಳಿಗಾಲ ಈ ಕೈ ಇನ್ನೂರಕ್ಕೂ ಹೆಚ್ಚು ಮೈ ತೊಳೆಯಿತು. ಎರಡೂ ಕಡೆಯವರನ್ನು ತೊಳೆಯಿತು. ತೊಳೆಯುವ ಹಲಗೆಯ ಮೇಲೆ ಯಾರು ಯಾವ ಕಣಿವೆಯಲ್ಲಿ ಹುಟ್ಟಿದವರೆಂದು ತಿಳಿಯುವುದಿಲ್ಲ.

ಇಸ್ಕಂದರನನ್ನು ಮಾತ್ರ ತೊಳೆಯಲು ಬಿಡಲಿಲ್ಲ. ಅವನ ತಮ್ಮ ಮುರಾದಲಿ ಕಂಬಳಿಯಲ್ಲಿ ಸುತ್ತಿದ ಮೈಯನ್ನು ಕತ್ತೆಗಾಡಿಯಲ್ಲಿ ತಂದ. ಅಣ್ಣ ಹುತಾತ್ಮ, ಅವನ ರಕ್ತವೇ ಅವನ ಸಾಕ್ಷಿ, ತೊಳೆಯಬಾರದು, ತೊಟ್ಟ ಬಟ್ಟೆಯಲ್ಲೇ ಹೂಳಬೇಕು ಎಂದ. ಅನ್ಯಾಯದಿಂದ ಕೊಲೆಯಾದವನಿಗೆ ಶರೀಯತ್ ಹೇಳುವುದು ಅದೇ. ಮುಲ್ಲಾ ಅಜೀಮ್ ಒಪ್ಪಿ ತಲೆಯಾಡಿಸಿದರು. ಮುಖ ಗುರುತು ಸಿಗದಷ್ಟು ಹಾಳಾಗಿದೆ, ಅತ್ತಿಗೆ ನೋಡುವುದು ಬೇಡ ಎಂದೂ ಮುರಾದಲಿ ಹೇಳಿದ. ಯಾರೂ ಕಂಬಳಿ ಎತ್ತಲಿಲ್ಲ.

ಒಂದು ವಿಷಯ ಅವತ್ತೇ ನನ್ನ ಕಣ್ಣಿಗೆ ಬಿದ್ದಿತ್ತು. ಇಸ್ಕಂದರ್ ಎತ್ತರದ ಆಳು. ಗೋರಿಯನ್ನು ಅವನ ಅಳತೆಗೆ ತೋಡಿದ್ದರು. ಮೈ ಇಳಿಸಿದಾಗ ಕಾಲಿನ ಕಡೆ ಒಂದು ಗೇಣು ಜಾಗ ಉಳಿಯಿತು. ತೋಡಿದವರ ಲೆಕ್ಕ ತಪ್ಪಿರಬೇಕು ಎಂದುಕೊಂಡು ಸುಮ್ಮನಾದೆ. ಆ ದಿನಗಳಲ್ಲಿ ಎಲ್ಲರ ಲೆಕ್ಕವೂ ತಪ್ಪುತ್ತಿತ್ತು.

ಆ ಗೋರಿಯ ಕಾಲ ಬಳಿಯೇ ಈಗ ನನ್ನ ಹೆಂಡತಿ ಸನವ್ಬರ್ ಮಲಗಿದ್ದಾಳೆ. ಎರಡು ವರ್ಷವಾಯಿತು. ಸಾಯುವ ಮುನ್ನ ಅವಳೇ ಕೇಳಿಕೊಂಡ ಜಾಗ ಅದು. ಪರಗಂಡಸಿನ ಕಾಲ ಬುಡದಲ್ಲಿ ಯಾಕೆ ಎಂದು ನಾನು ರೇಗಿದ್ದೆ. ಹುತಾತ್ಮನ ನೆರಳು ಪುಣ್ಯ ಅಂದಿದ್ದಳು. ಆಮೇಲೆ ನಾನು ಮಾತು ಬೆಳೆಸಲಿಲ್ಲ.

"ರೊಟ್ಟಿ ನನ್ನ ಹತ್ತಿರ ಇರಲಿ," ಎಂದೆ ಜುಮಾಗುಲ್‌ಗೆ. "ಸಂಜೆಯೊಳಗೆ ನಿನಗೆ ಒಂದು ಉತ್ತರ ಹೇಳ್ತೀನಿ. ಅಲ್ಲೀತನಕ ಯಾರ ಹತ್ತಿರಾನೂ ಬಾಯಿ ಬಿಡಬೇಡ. ಮುರಾದಲಿ ಹತ್ತಿರ ಮೊದಲೇ ಬೇಡ."

ಹೋಗುವಾಗ ಅವಳು ಬಾಗಿಲಲ್ಲಿ ನಿಂತಳು. "ನಾಳೆ ಸಾಕ್ಷಿಗೆ ಅವನು ನಿಮ್ಮನ್ನ ಕರೆದಿದ್ದಾನಂತೆ. ನಿಜವಾ?"

ನಿಜವಾಗಿತ್ತು. ಅದೇ ನನಗೂ ಮೂರು ದಿನದಿಂದ ಚುಚ್ಚುತ್ತಿದ್ದದ್ದು. ಹೆಣ ತೊಳೆಯುವವನನ್ನು ಮದುವೆಗೆ ಕರೆಯುವುದೇ ಅಪರೂಪ. ಸಾಕ್ಷಿಯಾಗಿ ಯಾರು ಕರೆಯುತ್ತಾರೆ?

*

ಮುರಾದಲಿಯ ಅಂಗಳದ ಗೋಡೆಗೆ ಹೊಸದಾಗಿ ಸುಣ್ಣ ಬಳಿದಿತ್ತು. ಬಿಸಿಲಿಗೆ ಎರಡು ಹೊಸ ಕೌದಿ ಹರಡಿದ್ದರು. ಹೊಸ್ತಿಲ ಮೇಲೆ ಇನ್ನೂ ಕಾಲಿಗೆ ಹಾಕದ ಕರಿ ಬೂಟು.

ಅವನು ರೇಷ್ಮೆ ಹುಳದ ಕೋಣೆಯಲ್ಲಿದ್ದ. ವಸಂತದ ಆ ನಾಲ್ಕು ವಾರ ನಮ್ಮ ಹಳ್ಳಿಯಲ್ಲಿ ಮನುಷ್ಯರು ಅಂಗಳದಲ್ಲಿ ಮಲಗುತ್ತಾರೆ, ಹುಳಗಳು ಒಳ್ಳೆಯ ಕೋಣೆಯಲ್ಲಿ ಮಲಗುತ್ತವೆ. ಬಾಗಿಲಿಗೆ ನೇತುಹಾಕಿದ್ದ ಒದ್ದೆ ಗೋಣಿಯನ್ನು ಸರಿಸಿದೆ. ಸಾವಿರಾರು ಹುಳ ಎಲೆ ಮೇಯುವ ಸದ್ದು ಸಣ್ಣ ಮಳೆಯಂತೆ ಕೇಳಿಸಿತು.

"ಅಜ್ಜಾ, ಅಲ್ಲೇ ನಿಲ್ಲಿ!" ಎಂದ ಅವನು ತಗ್ಗಿದ ದನಿಯಲ್ಲಿ. "ಒಳಗೆ ಬರಬೇಡಿ. ತಪ್ಪು ತಿಳ್ಕೋಬೇಡಿ, ನಿಮ್ಮ ಕೈ ವಾಸನೆಗೆ ಹುಳ ಸಾಯ್ತವೆ ಅಂತಾರೆ."

"ನನ್ನ ಕೈಗೆ ಯಾರೂ ಸತ್ತಿಲ್ಲ. ಸತ್ತ ಮೇಲೆ ನನ್ನ ಕೈಗೆ ಬಂದವರೇ ಎಲ್ಲ."

ಅವನು ನಕ್ಕ. ಮೂವತ್ತೈದರ ಗಂಡಸು, ಅಣ್ಣನಿಗಿಂತ ಗಿಡ್ಡ, ಅಗಲವಾದ ಭುಜ. ಕೈಯಲ್ಲಿ ಸೊಪ್ಪು ಕತ್ತರಿಸುವ ಮಚ್ಚಿತ್ತು. "ನಾಳೆ ಹೊಸ ಟೋಪಿ ಹಾಕ್ಕೊಂಡು ಬನ್ನಿ. ಸಾಕ್ಷಿ ಹಳೇ ಟೋಪೀಲಿ ಬಂದ ಅಂತ ಜನ ಆಡ್ಕೋಬಾರದು."

"ಟೋಪಿ ಇರಲಿ. ಊರಲ್ಲಿ ಇಷ್ಟು ಗಡ್ಡ ಇವೆ. ನನ್ನ ಗಡ್ಡವೇ ಯಾಕೆ ಬೇಕಾಯ್ತು ನಿನಗೆ?"

"ನೀವು ಹಿರಿಯರು."

"ನನಗಿಂತ ಹಿರಿಯರು ಚಹಾ ಅಂಗಡಿ ತುಂಬ ಇದ್ದಾರೆ."

ಅವನು ಸೊಪ್ಪು ಕತ್ತರಿಸಿದ. ನಾನು ಅಂಗಿಯ ಒಳಗಿಂದ ರೊಟ್ಟಿ ತೆಗೆದು, ಬಾಗಿಲ ಪಕ್ಕದ ತಟ್ಟೆಯ ಅಂಚಿನಲ್ಲಿ ಇಟ್ಟೆ. ಹುಳಗಳ ನಡುವೆ ಬಿಳಿ ರೊಟ್ಟಿ.

ಮಚ್ಚು ನಿಂತಿತು.

ಅವನು ಕಚ್ಚಿದ ಗುರುತನ್ನು ನೋಡಿದ. ಆಮೇಲೆ ನನ್ನನ್ನು ನೋಡಲಿಲ್ಲ, ಬಾಗಿಲನ್ನು ನೋಡಿದ. ನನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ನೋಡಿದ. ಸತ್ತ ಅಣ್ಣನ ನೆನಪಾದವನು ಹಾಗೆ ಬಾಗಿಲು ನೋಡುವುದಿಲ್ಲ.

"ಎಲ್ಲಿ ಸಿಕ್ತು?"

"ನಿನ್ನ ಅತ್ತಿಗೆಯ ಗೋಡೇಲಿ."

"ಯಾರೋ ಕಿಡಿಗೇಡಿಗಳು."

"ನಾನೂ ಹಾಗೇ ಅಂದೆ. ಆದರೆ ನಿನ್ನ ಮುಖ ಹಾಗೆ ಅನ್ನಲಿಲ್ಲವಲ್ಲೋ." ರೊಟ್ಟಿಯನ್ನು ಅವನ ಕಡೆ ಸರಿಸಿದೆ. "ಗೋರೀಲಿ ಒಂದು ಗೇಣು ಜಾಗ ಯಾಕೆ ಉಳೀತು ಮುರಾದಲಿ?"

"ಏನು?"

"ನಿನ್ನ ಅಣ್ಣ ನಮ್ಮ ಬಾಗಿಲಲ್ಲಿ ತಲೆ ತಗ್ಗಿಸದೆ ಒಳಗೆ ಬಂದವನಲ್ಲ. ಗೋರೀಲಿ ಮಾತ್ರ ಗಿಡ್ಡ ಆಗಿಹೋದ. ಯಾಕೆ?"

"ಐದು ವರ್ಷದ ಹಿಂದಿನ ಮಾತು. ಈಗ ಕೆದಕಿದ್ರೆ ಯಾರಿಗೆ ಒಳ್ಳೇದು?"

"ನಾಳೆ ಮಧ್ಯಾಹ್ನ ಒಬ್ಬ ಹೆಂಗಸು ಹೂಂ ಅನ್ನಬೇಕು. ಅವಳಿಗೆ."

"ನೀವು ತೊಳೆಯೋರು. ತೊಳೆಯೋರು ಕಂಡದ್ದನ್ನ ಹೊರಗೆ ಹೇಳಬಾರದು ಅಂತ ನಿಯಮ ಇಲ್ವಾ?"

"ಇದೆ. ತೊಳೆದ ಮೈಯ ಗುಟ್ಟು ನನ್ನ ಜೊತೆ ಗೋರಿಗೆ ಬರುತ್ತೆ. ಆದರೆ ಇದನ್ನ ನೀನು ತೊಳೆಯೋಕೆ ಬಿಡಲಿಲ್ಲ. ಹಾಗಾಗಿ ಈ ಕಟ್ಟು ನನಗಿಲ್ಲ. ಈಗಲೇ ಮುಲ್ಲಾ ಅಜೀಮ್ ಹತ್ತಿರ ಹೋಗಿ ಗೋರಿ ತೆಗೆಸಿ ಅಂತೀನಿ."

"ಅಜ್ಜಾ!" ಅವನು ಮಚ್ಚನ್ನು ಕೆಳಗಿಟ್ಟು ಬಾಗಿಲಿಗೆ ಬಂದ. ಗೋಣಿಯನ್ನು ಪೂರ್ತಿ ಇಳಿಸಿ, ನನ್ನನ್ನು ತೋಳು ಹಿಡಿದು ಒಳಗೆ ಎಳೆದುಕೊಂಡ. ಹುಳಗಳ ಮಾತು ಅವನಿಗೆ ಮರೆತುಹೋಗಿತ್ತು. "ಮೆಲ್ಲಗೆ ಮಾತಾಡಿ. ಗೋರಿ ತೆಗೆದರೆ ನನ್ನ ಅಣ್ಣ ಸಾಯ್ತಾನೆ."

"ಹಾಗಾದರೆ ಸತ್ತಿಲ್ಲ."

ಅವನು ಹಲಗೆಯ ಮೇಲೆ ಕೂತ.

"ಯುದ್ಧದಲ್ಲಿ ಚಹಾ ಅಂಗಡಿ ಬಾಗಿಲಿಗೆ ತೋಶ್ಮತ್ ಕೊಲ್ಲಬೇಕಾದವರ ಪಟ್ಟಿ ಅಂಟಿಸಿದ್ದು ನೆನಪಿದೆಯಾ? ಅಣ್ಣನ ಹೆಸರು ಮೂರನೇದು. ಬೆಟ್ಟದ ಕಡೆಯವರನ್ನ ಲಾರೀಲಿ ಹೊಳೆ ದಾಟೋ ಜಾಗಕ್ಕೆ ಬಿಟ್ಟು ಬಂದ ಅನ್ನೋದೇ ತಪ್ಪು. ಅವನು ಸಿಗೋತನಕ ಅವರು ಹುಡುಕ್ತಾನೇ ಇರ್ತಿದ್ರು. ಮೊದಲು ನನ್ನ ಹತ್ತಿರ ಬರ್ತಿದ್ರು, ಆಮೇಲೆ ಅತ್ತಿಗೆ ಹತ್ತಿರ. ನಾನು ಒಂದು ಗೋರಿ ಕೊಟ್ಟೆ. ಮರುದಿನ ಪೆನ್ಸಿಲ್‌ನಲ್ಲಿ ಆ ಹೆಸರು ಹೊಡೆದು ಹಾಕಿದ್ರು. ನಾನೇ ನೋಡಿದೆ. ತೋಶ್ಮತ್ ಇವತ್ತು ಹತ್ತಿ ಗಿರಣಿ ಯಜಮಾನ, ಕೋಟು ಹಾಕ್ಕೊಂಡು ಓಡಾಡ್ತಾನೆ. ಆದರೆ ಪಟ್ಟಿ ಮರೆತಿದ್ದಾನೆ ಅಂದ್ಕೊಂಡ್ರಾ?"

"ಅಣ್ಣ ಎಲ್ಲಿದ್ದಾನೆ?"

"ಗೊತ್ತಿಲ್ಲ. ಕುರಾನ್ ಮೇಲೆ ಕೈ ಇಡ್ತೀನಿ. ಐದು ವರ್ಷ ಒಂದು ಮಾತಿಲ್ಲ. ಸತ್ತೇ ಹೋಗಿರಬೇಕು ಅಂದ್ಕೊಂಡಿದ್ದೆ." ಅವನು ರೊಟ್ಟಿಯ ಕಡೆ ನೋಡಿದ. "ಈ ಗಳಿಗೆವರೆಗೂ."

"ಅದಕ್ಕೇ ಅವನ ಹೆಂಡತೀನ ಕಟ್ಟಿಕೊಳ್ಳೋಕೆ ಹೊರಟೆ."

"ತೋಶ್ಮತ್‌ನ ಸೋದರಳಿಯ ಕೇಳಿದಾನೆ. ವಿಧವೆ ಅಂತ ಬಿಟ್ರೆ ಇಲ್ಲ ಅನ್ನೋಕೆ ನಮಗೆ ಧೈರ್ಯ ಇದೆಯಾ? ನಿಕಾಹ್ ಬರೀ ಹೆಸರಿಗೆ. ಅತ್ತಿಗೆ ನನಗೆ ತಾಯಿ ಸಮಾನ."

"ತಾಯಿ ಸಮಾನ ಅನ್ನೋನು ಹೊಸ ಬೂಟು ಯಾಕಪ್ಪಾ ತಂದೆ?"

ಅವನ ಕುತ್ತಿಗೆ ಕೆಂಪಾಯಿತು. ಅವನು ಹೇಳಿದ್ದರಲ್ಲಿ ಎಷ್ಟು ನಿಜ, ಎಷ್ಟು ಬೂಟಿನ ಹೊಳಪು, ಇವತ್ತಿಗೂ ನಾನು ತೂಗಿ ಹೇಳಲಾರೆ.

"ಆಯ್ತು," ಎಂದೆ. "ಹಾಗಾದರೆ ಗೋರೀಲಿ ಇರೋದು ಯಾರು? ಯಾರದೋ ಮಗ. ಅವನ ಅಪ್ಪ ಅಮ್ಮ ಎಲ್ಲೋ ಬಾಗಿಲು ನೋಡ್ತಾ ಕೂತಿರಬೇಕು. ನೀನು ಅವರ ಹೆಣಾನೂ ಕದ್ದೆ, ಅವರ ದುಃಖಾನೂ ಕದ್ದೆ."

ಮುರಾದಲಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಹುಳಗಳು ಎಲೆ ಮೇಯುತ್ತಲೇ ಇದ್ದವು.

"ಮುಖ ಹಾಳಾಗಿದೆ ಅಂದೆ ನೋಡಿ ಅವತ್ತು," ಎಂದ ಕೈಯ ಒಳಗಿಂದಲೇ. "ಹಾಳಾಗಿರಲಿಲ್ಲ. ನಿದ್ದೆ ಮಾಡ್ತಿರೋ ಹಾಗಿತ್ತು. ಅದಕ್ಕೇ ಮುಚ್ಚಿದೆ. ಊರಲ್ಲಿ ಯಾರು ನೋಡಿದ್ರೂ ಗುರುತು ಹಿಡೀತಿದ್ರು. ನೀವು..."

"ನಾನು?"

"ಬೇರೆ ಯಾರೇ ಹೆಣ ತೊಳೆಯೋರಾಗಿದ್ರೆ ನಾನು ಕಾಲಿಗೆ ಬಿದ್ದು ತೊಳೆಸ್ತಿದ್ದೆ, ಬಾಯಿ ಮುಚ್ಚಿಸ್ತಿದ್ದೆ. ನಿಮ್ಮ ಮುಂದೆ ಹೇಗೆ ಮಲಗಿಸಲಿ ಅಜ್ಜಾ, ಶೋಹಿನ್‌ನ?"

*

ನನಗೆ ಒಬ್ಬನೇ ಮಗ. ಶೋಹಿನ್. ಆ ಡಿಸೆಂಬರಿನಲ್ಲಿ ಅವನಿಗೆ ಹತ್ತೊಂಬತ್ತು. ಇಸ್ಕಂದರನ ಲಾರಿಗೆ ಅವನನ್ನು ಹತ್ತಿಸಿದವನು ನಾನೇ. ಚೀಲ ಎತ್ತಿ ಕೊಟ್ಟವನು ನಾನೇ. ಲಾರಿಯಲ್ಲಿದ್ದವರೆಲ್ಲ ಹೊಳೆ ದಾಟಿ ಆಚೆ ದೇಶ ಸೇರಿದರು, ಹಿಂದಿರುಗುವ ದಾರಿಯಲ್ಲಿ ಇಸ್ಕಂದರ್ ಒಬ್ಬನೇ ಸತ್ತ ಎಂದು ಸುದ್ದಿ ಬಂತು. ಶಾಂತಿ ಆದಮೇಲೆ ಆಚೆಯಿಂದ ಜನ ತಿರುಗಿ ಬಂದರು. ಬಂದ ಪ್ರತಿ ಗಾಡಿಯ ಬಳಿಗೂ ಹೋಗಿ ನಿಂತೆ. ಶೋಹಿನ್ ಇನ್ನೂ ದೂರ ಹೋಗಿರಬೇಕು, ಎಲ್ಲೋ ಮದ್ರಸಾದಲ್ಲಿ ಓದುತ್ತಿರಬೇಕು ಎಂದು ಪ್ರತಿ ನಮಾಜಿನಲ್ಲೂ ಅವನ ಆಯುಸ್ಸು ಬೇಡಿದೆ. ಸತ್ತವನಿಗೆ ಐದು ವರ್ಷ ಆಯುಸ್ಸು ಬೇಡಿದೆ.

"ಅವನು ಹೊಳೆ ದಾಟಲಿಲ್ಲ," ಎಂದು ಮುರಾದಲಿ ಹೇಳುತ್ತಿದ್ದ. "ಇನ್ನೊಂದು ಸುತ್ತು ಜನರನ್ನ ತರೋಕೆ ಅಣ್ಣನ ಜೊತೆ ಲಾರೀಲೇ ವಾಪಸ್ ಬಂದಿರಬೇಕು. ನಿಮ್ಮಿಬ್ಬರನ್ನ ಕರ್ಕೊಂಡು ಹೋಗೋಕೆ ಅಂತ. ಕಾಲುವೆ ತೂಬಿನ ಹತ್ತಿರ ಲಾರಿ ನಿಂತಿತ್ತು. ಬಾಗಿಲು ತೆಗೆದಿತ್ತು. ಇವನು ಕೆಳಗೆ ಮಕಾಡೆ ಬಿದ್ದಿದ್ದ. ಅಣ್ಣ ಇರಲಿಲ್ಲ. ತೋಶ್ಮತ್‌ನ ಜನ ಹೊಡೆದಿರಬೇಕು, ಅಣ್ಣ ತಪ್ಪಿಸ್ಕೊಂಡಿರಬೇಕು ಅಂದ್ಕೊಂಡೆ."

"ನಾನು ಜನಾಜಾ ನಮಾಜಿನ ಮೊದಲ ಸಾಲಲ್ಲಿ ನಿಂತಿದ್ದೆ," ಎಂದೆ.

"ಹೂಂ. ನೀವು ಪ್ರಾರ್ಥನೆ ಮಾಡಿದ್ರಿ. ಅದೊಂದೇ ನನಗೆ ಸಮಾಧಾನ. ಐದು ವರ್ಷ ನಿಮ್ಮ ಕಣ್ಣು ತಪ್ಪಿಸಿ ಓಡಾಡಿದೆ. ಯಾರಾದರೂ ನನ್ನನ್ನ ತಡೀಲಿ ಅಂತಾನೇ ನಾಳೆ ನಿಮ್ಮನ್ನ ಸಾಕ್ಷಿಗೆ ಕರೆದೆ."

"ಸನವ್ಬರ್‌ಗೆ ಗೊತ್ತಿತ್ತಾ?"

"ಹತ್ತಿ ತುಂಬಿದ ನಿಲುವಂಗಿ ಜೋಮಾ, ಬೂಟು ಇದೆಲ್ಲ ಹುತಾತ್ಮನ ಮೈಮೇಲೆ ಬಿಡಬಾರದು ಅಂತ ಅಪ್ಪ ಹೇಳ್ಕೊಟ್ಟಿದ್ರು. ಮೇಲಿನ ಉಡುಪು ತೆಗೀಬೇಕು, ಅಂಗಿ ಪೈಜಾಮ ಉಳೀಬೇಕು. ಹಾಗೇ ಮಾಡಿದೆ. ಸತ್ತವರ ಬಟ್ಟೆ ತೊಳೆಯೋರ ಮನೆಗೆ ಸೇರಬೇಕು ಅಲ್ವಾ? ನೀವು ತೊಳೆಯದೆ ಇದ್ರೂ ನಿಮ್ಮ ಹಕ್ಕು ನಾನ್ಯಾಕೆ ತಿನ್ನಲಿ ಅಂತ ನಿಮ್ಮ ಬಾಗಿಲಿಗೆ ತಂದುಕೊಟ್ಟೆ. ಸುಳ್ಳು ಹೇಳೋ ಗಡಿಬಿಡೀಲಿ ಧರ್ಮದ ಒಂದು ಮಾತೂ ತಪ್ಪಬಾರದು ಅಂತ ನೋಡ್ತಿದ್ದೆ. ಆ ಜೋಮಾ ಹೊಲಿದಿದ್ದು ಯಾರು ಅಂತ ಯೋಚನೇನೇ ಬರಲಿಲ್ಲ."

"ಅವಳು ಏನಂದಳು?"

"ಜೋಮಾ ಕೈಗೆ ತಗೊಂಡ್ರು. ಅಂಚಿನ ಹೊಲಿಗೆ ಮೇಲೆ ಬೆರಳು ಆಡಿಸಿದ್ರು. ಎಷ್ಟೋ ಹೊತ್ತು. ಆಮೇಲೆ ನನ್ನ ಮುಖ ನೋಡಿ, 'ಮಗಾ, ಏನಾದ್ರೂ ತಿಂದಿದ್ದೀಯಾ?' ಅಂದ್ರು. ಅಷ್ಟೇ."

*

ಮನೆಗೆ ಹೇಗೆ ಬಂದೆನೋ ನೆನಪಿಲ್ಲ. ಇಳಿಹೊತ್ತಿನ ಅಸರ್ ನಮಾಜಿನ ಸಮಯವಾಗಿತ್ತು. ನೀರು ತೆಗೆದುಕೊಂಡು ಕೈಕಾಲು ತೊಳೆದೆ. ನಮಾಜು ಮಾಡಿದೆ. ಮಗನ ಆಯುಸ್ಸು ಬೇಡುವ ಜಾಗ ಬಂದಾಗ ನಾಲಿಗೆ ನಿಂತಿತು.

ಆ ಬಟ್ಟೆಗಳನ್ನು ದಾರಿಹೋಕ ಫಕೀರನಿಗೆ ಕೊಟ್ಟೆ ಎಂದು ಸನವ್ಬರ್ ಅವತ್ತು ಹೇಳಿದ್ದಳು. ನಾನು ಮತ್ತೆ ಕೇಳಿರಲಿಲ್ಲ. ಅವಳ ಪೆಟ್ಟಿಗೆಯನ್ನು ಅವಳು ಹೋದ ಮೇಲೆ ಒಮ್ಮೆಯೂ ತೆರೆದಿರಲಿಲ್ಲ. ಅವಳನ್ನು ತೊಳೆಯುವುದಕ್ಕೂ ನನಗೆ ಅಧಿಕಾರವಿರಲಿಲ್ಲ. ಹೆಂಗಸರನ್ನು ಹೆಂಗಸರೇ ತೊಳೆಯಬೇಕು. ಊರಿನವರನ್ನೆಲ್ಲ ತೊಳೆದ ನನ್ನ ಕೈಗೆ ನನ್ನವರು ಇಬ್ಬರೂ ಸಿಗಲಿಲ್ಲ.

ಈಗ ಪೆಟ್ಟಿಗೆ ತೆರೆದೆ. ಮೇಲೆ ಕೌದಿಗಳು. ಕೆಳಗೆ ಅವಳ ಮದುವೆಯ ವಸ್ತ್ರ. ತಳದಲ್ಲಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಜೋಮಾ.

ನೀಲಿ ಪಟ್ಟೆಯ ಜೋಮಾ. ಮೂಲೆ ತಿರುಗುವಲ್ಲಿ ಸನವ್ಬರ್ ಯಾವಾಗಲೂ ಮೂರು ಹೊಲಿಗೆ ಹಿಂದಕ್ಕೆ ಹಾಕುತ್ತಿದ್ದಳು. ಎಷ್ಟು ಎಳೆದರೂ ಬಿಚ್ಚಬಾರದು ಎಂದು. ಮೂರೂ ಇದ್ದವು. ಎಡ ಕಂಕುಳಲ್ಲಿ ಬೆರಳಿಗೆ ಮೂರು ಮೂಲೆಯ ತಾಯಿತ ಸಿಕ್ಕಿತು. ಅದರೊಳಗಿನ ವಾಕ್ಯವನ್ನು ಕೇಸರಿ ನೀರಿನಲ್ಲಿ ಬರೆದವನು ನಾನು.

ಪ್ರತಿ ಗುರುವಾರ ಅವಳು ನೀರಿನ ಹೂಜಿ ಹಿಡಿದು ಆ ಗೋರಿಗೆ ಹೋಗುತ್ತಿದ್ದಳು. ನೆರೆಮನೆಯ ಹುತಾತ್ಮನಿಗೆ ಎಷ್ಟು ಮಾಡುತ್ತಾಳೆ ಎಂದು ಜನ ಹೊಗಳುತ್ತಿದ್ದರು. ನಾನೂ ಹೊಗಳಿದ್ದೆ. ಮೂರು ವರ್ಷ ಅವಳು ನನ್ನ ಎದುರು ಕೂತು, ಮಗ ಯಾವಾಗ ಬರಬಹುದು ಎಂಬ ನನ್ನ ಮಾತಿಗೆಲ್ಲ ಹೂಂಗುಟ್ಟಿದಳು. ನನ್ನ ಆಸೆಯನ್ನು ಉಳಿಸಿಕೊಟ್ಟಳೋ, ಇನ್ನೊಬ್ಬ ಹೆಂಗಸಿನ ಗಂಡನನ್ನು ಉಳಿಸಿದಳೋ, ದೇವರೇ ಬಲ್ಲ.

ಇಲ್ಲ. ಇನ್ನೂ ಒಂದನ್ನು ಅವಳು ಉಳಿಸಿಟ್ಟಿದ್ದಳು.

ಜೋಮಾದ ಬೆನ್ನನ್ನು ಬೆಳಕಿಗೆ ತಿರುಗಿಸಿದೆ. ಎಡ ಹೆಗಲಿನ ಎಲುಬಿನ ಕೆಳಗೆ ಒಂದು ತೂತು. ಅವಳು ಅದಕ್ಕೆ ತೇಪೆ ಹಾಕಿರಲಿಲ್ಲ. ಗುಂಡಿಯ ಕಣ್ಣಿಗೆ ಹಾಕುವ ಹಾಗೆ ಸುತ್ತ ಸಣ್ಣ ಹೊಲಿಗೆ ಹಾಕಿ, ಅಂಚು ಬಿಚ್ಚಿ ಹೋಗದಂತೆ, ಹತ್ತಿ ಉದುರದಂತೆ ಕಾಪಾಡಿದ್ದಳು. ಒಂದು ದಿನ ನಾನು ಇದನ್ನು ನೋಡುತ್ತೇನೆ, ನೋಡಿದರೆ ನನಗೆ ಅರ್ಥವಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಅರ್ಥವಾಯಿತು. ತೂತಿನ ಸುತ್ತ ಬಟ್ಟೆ ಕಂದಾಗಿ ಸುಟ್ಟಿತ್ತು. ಒಳಗಿನ ಹತ್ತಿ ಕರಿ ಕಟ್ಟಿತ್ತು. ಆ ಚಳಿಗಾಲ ಇನ್ನೂರು ಮೈಗಳ ಮೇಲೆ ತೂತು ನೋಡಿದ್ದೇನೆ. ದೂರದಿಂದ ಬಂದ ಗುಂಡು ಬಟ್ಟೆಯನ್ನು ಸುಡುವುದಿಲ್ಲ. ತೋಶ್ಮತ್‌ನ ಜನ ರಸ್ತೆಯ ಆಚೆಯಿಂದ ಹೊಡೆಯುತ್ತಿದ್ದರು, ಒಂದು ಮೈಯಲ್ಲಿ ಏಳು ಎಂಟು ತೂತು ಮಾಡುತ್ತಿದ್ದರು. ಇಲ್ಲಿ ಒಂದೇ ತೂತು. ಕೋವಿಯ ಬಾಯನ್ನು ಬೆನ್ನಿಗೆ ಒತ್ತಿ ಹಿಡಿದು ಹೊಡೆದದ್ದು.

ಶೋಹಿನ್ ಹೆದರುವ ಹುಡುಗ. ಅಪರಿಚಿತನಿಗೆ ಬೆನ್ನು ಕೊಟ್ಟು ನಿಲ್ಲುವವನಲ್ಲ. ಕಾಲುವೆಯ ತೂಬಿನ ಬಳಿ ನಿಂತ ಆ ಲಾರಿಯಲ್ಲಿ ಇದ್ದದ್ದು ಇಬ್ಬರೇ, ಶೋಹಿನ್ ಮತ್ತು ಇಸ್ಕಂದರ್.

ಹೊರಗೆ ಓಡಿ ಬರುವ ಹೆಜ್ಜೆಯ ಸದ್ದು ಕೇಳಿಸಿತು. ಬಾಗಿಲು ತಟ್ಟದೆಯೇ ಜುಮಾಗುಲ್ ಒಳಗೆ ಬಂದಳು. ತಲೆವಸ್ತ್ರ ಹೆಗಲಿಗೆ ಜಾರಿತ್ತು. ಐದು ವರ್ಷದಿಂದ ನಾನು ಆ ಮುಖದಲ್ಲಿ ನಗು ನೋಡಿರಲಿಲ್ಲ.

"ಅಜ್ಜಾ, ಬಂದಿದ್ದಾರೆ! ಕೊಟ್ಟಿಗೇಲಿ ಕೂತಿದ್ದಾರೆ. ಇಷ್ಟು ದಿನ ಹೊಳೆ ದಡದ ಜೊಂಡಿನಲ್ಲಿ ಇದ್ರಂತೆ. ಬಡಕಲಾಗಿದ್ದಾರೆ, ಗಡ್ಡ ಎದೆಗೆ ಬಂದಿದೆ. ಆದರೆ ಅವರೇ. ನಾನು ಮುಟ್ಟಿ ನೋಡಿದೆ." ಅವಳು ಒಂದೇ ಉಸಿರಿನಲ್ಲಿ ಹೇಳಿದಳು. "ನಾಳೆ ಮುಲ್ಲಾ ಸಾಹೇಬರ ಮುಂದೆ ನ್ಯಾಯವಾಗಿ ಹೇಳೋಕೆ ಒಬ್ಬ ಸಾಕ್ಷಿ ಬೇಕು. ಬನ್ನಿ, ನಿಮ್ಮ ಕಣ್ಣಲ್ಲಿ ಒಂದು ಸಲ ನೋಡಿ ಹೇಳಿಬಿಡಿ. ಅಷ್ಟು ಸಾಕು ನನಗೆ."

"ಬರ್ತೀನಿ," ಎಂದೆ. "ಏನಾದರೂ ಹೇಳಿದನಾ?"

"ಏನೂ ಇಲ್ಲ. ಮಾತೇ ಆಡ್ತಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದ್ರು. ನನಗೆ ಅರ್ಥ ಆಗಲಿಲ್ಲ." ಅವಳ ಹುಬ್ಬು ಗಂಟಿಕ್ಕಿತು. "'ಶೋಹಿನ್‌ನ ಮೈ ತೊಳೆದೋರು ಯಾರು?' ಅಂತ. ಶೋಹಿನ್ ಆಚೆ ದಡದಲ್ಲಿ ಚೆನ್ನಾಗಿದ್ದಾನಲ್ಲಾ ಅಜ್ಜಾ? ಇವರು ಯಾಕೆ ಹಾಗೆ ಕೇಳಿದ್ರು?"

ಜೋಮಾವನ್ನು ಬಿಡಿಸಿ ತೊಟ್ಟುಕೊಂಡೆ. ತೋಳು ಸ್ವಲ್ಪ ಉದ್ದವಾಯಿತು. ಸೊಂಟಕ್ಕೆ ವಸ್ತ್ರ ಬಿಗಿದೆ.

"ಈ ಬಿಸಿಲಲ್ಲಿ ಚಳಿಗಾಲದ ಜೋಮಾನಾ?" ಎಂದಳು ಅವಳು.

"ಬಾ ಮಗಳೇ. ನಾನು ಮುಂದೆ ನಡೀತೀನಿ."

ಅಂಗಳಕ್ಕೆ ಇಳಿದೆ. ಇಳಿಬಿಸಿಲು ನೇರವಾಗಿ ಬೆನ್ನಿಗೆ, ಆ ಸುಟ್ಟ ತೂತಿನ ಮೇಲೆ ಬೀಳುತ್ತಿತ್ತು. ನಾಲ್ಕು ಹೆಜ್ಜೆ ನಡೆದಿರಬೇಕು.

ಹಿಂದೆ ಅವಳ ಹೆಜ್ಜೆಯ ಸದ್ದು ನಿಂತಿತು.